ಪತ್ರಕರ್ತರು ಫೋನ್ ಮಾಡಿದಾಗ

(ಸಣ್ಣ ಉದ್ಯಮ ನಡೆಸುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನೀವೆಲ್ಲ ದಿನವಿಡೀ ಮಾತಾಡಿಯೇ ವ್ಯಾಪಾರ ಮಾಡುವವರು. ಗಿರಾಕಿಗಳ ಜೊತೆ ಮಾತು, ಬ್ಯಾಂಕಿನವರ ಜೊತೆ ಮಾತು, ಸರಕು ತಡವಾಗಿ ಕಳಿಸಿದವರ ಜೊತೆ ಸ್ವಲ್ಪ ಜೋರು ಮಾತು. ಆದರೂ ಒಬ್ಬ ವರದಿಗಾರ ಫೋನ್ ಮಾಡಿ ‘ಒಂದು ಬೈಟ್ ಬೇಕಿತ್ತು, ಒಂದೆರಡು ಮಾತು ಸಾಕು’ ಅಂದರೆ ಬಾಯಿ ಒಣಗುತ್ತದೆ. ಇನ್ನು ಕೆಲವರು ಕೇಳಿದ್ದಕ್ಕಿಂತ ಹತ್ತು ಪಟ್ಟು ಹೇಳಿಬಿಡುತ್ತಾರೆ. ಮಾರನೇ ದಿನ ಪೇಪರ್ ನೋಡಿ ತಲೆ ಮೇಲೆ ಕೈಹೊತ್ತು ಕೂರುತ್ತಾರೆ.

ನಾನು ವರದಿಗಾರನಾಗಿ ಇಂಥ ಫೋನ್‌ಗಳನ್ನು ಮಾಡಿದವನು. ಈಗ ಆ ಫೋನ್ ಎತ್ತುವವರನ್ನು ತಯಾರು ಮಾಡುತ್ತೇನೆ. ಇವತ್ತು ನಾನು ಹೇಳಬೇಕಾದ್ದು ಮುಖ್ಯವಾಗಿ ಒಂದೇ. ದೊಡ್ಡ ಕಂಪನಿಯ ವಕ್ತಾರರ ಹಾಗೆ ಮಾತಾಡೋಕೆ ಹೋಗಬೇಡಿ. ಅವರಿಗಿಲ್ಲದ ಒಂದು ಬಲ ನಿಮಗಿದೆ. ನೀವು ಮಾತಾಡುವ ಕೆಲಸವನ್ನು ನೀವೇ ಕೈಯಾರೆ ಮಾಡಿದ್ದೀರಿ, ಕಣ್ಣಾರೆ ಕಂಡಿದ್ದೀರಿ. ಅದನ್ನು ಅಳುಕಿಲ್ಲದೆ, ಚಿಕ್ಕದಾಗಿ ಹೇಳುವುದಕ್ಕೆ ಬೇಕಾದಷ್ಟು ತಯಾರಿ ಸಾಕು.

ಮೊದಲು ಆ ಫೋನ್ ವಿಷಯ. ಕರೆ ಬಂದ ತಕ್ಷಣ ಉತ್ತರ ಕೊಡಬೇಕು ಅಂತ ಯಾವ ನಿಯಮವೂ ಇಲ್ಲ. ‘ಕೈಯಲ್ಲಿ ಒಂದು ಕೆಲಸ ಇದೆ, ಕಾಲು ಗಂಟೆಯಲ್ಲಿ ನಾನೇ ಮಾಡ್ತೀನಿ’ ಅನ್ನಿ. ಆದರೆ ಇಡುವ ಮೊದಲು ಕೆಲವು ವಿಷಯ ಕೇಳಿಕೊಳ್ಳಿ. ಯಾವ ಪತ್ರಿಕೆ, ಯಾವ ಚಾನೆಲ್? ಸುದ್ದಿ ಯಾವುದರ ಬಗ್ಗೆ? ನನ್ನ ಹೆಸರು ನಿಮಗೆ ಹೇಗೆ ಸಿಕ್ಕಿತು? ಲೈವ್ ಇರುತ್ತಾ, ರೆಕಾರ್ಡ್ ಮಾಡ್ತೀರಾ? ಬೇರೆ ಯಾರ ಜೊತೆ ಮಾತಾಡ್ತಿದ್ದೀರಿ? ಯಾವಾಗಿನೊಳಗೆ ಬೇಕು? ಇದನ್ನೆಲ್ಲ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ವರದಿಗಾರರಿಗೆ ಇವು ದಿನನಿತ್ಯದ ಪ್ರಶ್ನೆಗಳು. ‘ನನ್ನ ಹೆಸರು ಹೇಗೆ ಸಿಕ್ಕಿತು’ ಅನ್ನೋದನ್ನು ಮಾತ್ರ ಬಿಡಬೇಡಿ. ಯಾರೋ ಮೆಚ್ಚಿ ಹೇಳಿದ್ದಾರಾ, ಯಾರೋ ದೂರು ಕೊಟ್ಟಿದ್ದಾರಾ ಅನ್ನುವುದು ಆ ಒಂದು ಉತ್ತರದಲ್ಲೇ ಗೊತ್ತಾಗುತ್ತದೆ.

ಕಾಲು ಗಂಟೆ ಅಂದ ಮೇಲೆ ಕಾಲು ಗಂಟೆಗೆ ಫೋನ್ ಮಾಡಲೇಬೇಕು. ವರದಿಗಾರರಿಗೆ ಡೆಡ್‌ಲೈನ್ ಇರುತ್ತದೆ. ನೀವು ಸಂಜೆ ಮಾಡಿದರೆ ಅಷ್ಟರಲ್ಲಿ ಬೇರೆಯವರ ಮಾತು ಹಾಕಿ ಪುಟ ಮುಗಿಸಿರುತ್ತಾರೆ. ದೂರಿನ ಸುದ್ದಿಯಾಗಿದ್ದರೆ ‘ಪ್ರತಿಕ್ರಿಯೆಗೆ ಸಿಗಲಿಲ್ಲ’ ಅನ್ನುವ ಸಾಲು ನಿಮ್ಮ ಹೆಸರಿನ ಪಕ್ಕ ಬಂದು ಕೂರುತ್ತದೆ. ಪ್ರಶ್ನೆಗಳನ್ನು ಮೊದಲೇ ಕಳಿಸಿ, ಬರೆದದ್ದನ್ನು ಅಚ್ಚಿಗೆ ಮೊದಲು ತೋರಿಸಿ ಅಂತ ಪಟ್ಟು ಹಿಡಿಯುವುದೂ ಬೇಡ. ಹೆಚ್ಚಿನವರು ತೋರಿಸುವುದಿಲ್ಲ, ತೋರಿಸಬೇಕಾಗಿಯೂ ಇಲ್ಲ. ‘ಅಂಕಿ, ಹೆಸರು, ತಾರೀಖು ಸರಿ ಇದೆಯಾ ಅಂತ ಒಂದು ಸಲ ಓದಿ ಹೇಳ್ತೀರಾ’ ಅಂತ ಕೇಳಿ. ಇದಕ್ಕೆ ಸಾಮಾನ್ಯವಾಗಿ ಒಪ್ಪುತ್ತಾರೆ, ಯಾಕೆಂದರೆ ತಪ್ಪು ಅಂಕಿ ಅಚ್ಚಾಗುವುದು ಅವರಿಗೂ ಬೇಡ.

ಇನ್ನು ಆ ಕಾಲು ಗಂಟೆಯಲ್ಲಿ ಏನು ಮಾಡಬೇಕು? ಅದಕ್ಕೆ ಮೊದಲು ನಿಮ್ಮ ಮಾತು ಸುದ್ದಿಮನೆಗೆ ಹೋದ ಮೇಲೆ ಏನಾಗುತ್ತದೆ ಅಂತ ತಿಳಿದಿರಬೇಕು. ಡೇನಿಯಲ್ ಹ್ಯಾಲಿನ್ ಅನ್ನುವ ವಿದ್ವಾಂಸರು ಅಮೆರಿಕದ ಟಿವಿ ಸುದ್ದಿಗಳಲ್ಲಿ ಅಧ್ಯಕ್ಷ ಚುನಾವಣೆಯ ಅಭ್ಯರ್ಥಿಗಳ ಮಾತು ತಡೆಯಿಲ್ಲದೆ ಎಷ್ಟು ಹೊತ್ತು ಬರುತ್ತದೆ ಅಂತ ಅಳೆದರು. 1968ರಲ್ಲಿ ಸರಾಸರಿ 43 ಸೆಕೆಂಡ್ ಇತ್ತು. 1988ಕ್ಕೆ ಅದು ಸುಮಾರು 9 ಸೆಕೆಂಡಿಗೆ ಇಳಿಯಿತು. ದೇಶದ ಅಧ್ಯಕ್ಷರಾಗಲು ಹೊರಟವರಿಗೇ ಅಷ್ಟು. ನಿಮ್ಮ ಜೊತೆ ವರದಿಗಾರ ಅರ್ಧ ಗಂಟೆ ಮಾತಾಡಬಹುದು, ಆಸಕ್ತಿಯಿಂದ ತಲೆಯಾಡಿಸಬಹುದು. ಕೊನೆಗೆ ಉಳಿಯುವುದು ಎರಡು ವಾಕ್ಯ. ಆ ಎರಡನ್ನು ಆರಿಸುವವರು ನೀವಲ್ಲ. ಹಾಗಾಗಿ ಆ ಅರ್ಧ ಗಂಟೆಯಲ್ಲಿ ಹತ್ತು ವಿಷಯ ಹೇಳಿದರೆ ಹತ್ತರಲ್ಲಿ ಯಾವುದು ಬೇಕಾದರೂ ಹೊರಗೆ ಬರಬಹುದು. ಒಂದೇ ವಿಷಯವನ್ನು ಮೂರು ಕಡೆಯಿಂದ ಹೇಳಿದರೆ ಅದೇ ಬರುತ್ತದೆ.

ರೆಕಾರ್ಡ್ ಮಾಡಿದ ಸಂದರ್ಶನದಲ್ಲಿ ವರದಿಗಾರರ ಪ್ರಶ್ನೆಯನ್ನು ಹೆಚ್ಚಾಗಿ ಕತ್ತರಿಸಿಬಿಡುತ್ತಾರೆ ಅನ್ನುವುದೂ ನೆನಪಿರಲಿ. ‘ಯಾವಾಗ ಶುರು ಮಾಡಿದ್ರಿ?’ ಅಂದಾಗ ‘ಆರು ವರ್ಷ ಆಯ್ತು’ ಅಂದರೆ ಆ ತುಣುಕು ಯಾವುದಕ್ಕೂ ಬರುವುದಿಲ್ಲ. ‘ಈ ಕೆಲಸ ಶುರು ಮಾಡಿ ಆರು ವರ್ಷ ಆಯ್ತು’ ಅನ್ನಿ. ಪ್ರಶ್ನೆ ಇಲ್ಲದೆಯೂ ಮಾತು ನಿಲ್ಲಬೇಕು. ಇದೊಂದು ಅಭ್ಯಾಸ ಇದ್ದರೆ ಸಂಕಲನದಲ್ಲಿ ಕೂತವರು ನಿಮ್ಮ ಮಾತನ್ನೇ ಹುಡುಕಿ ಹಾಕುತ್ತಾರೆ.

ಈಗ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಒಬ್ಬರು ಮಕ್ಕಳು ಓದಲು ಕೂರುವ ಮೇಜು, ಕುರ್ಚಿ ಮಾಡುತ್ತಾರೆ ಅಂತಿಟ್ಟುಕೊಳ್ಳಿ. ನಾನು ವರದಿಗಾರ, ಅವರು ನನ್ನೆದುರು ಕೂತಿದ್ದಾರೆ. ‘ನಿಮ್ಮ ಕುರ್ಚಿಯ ವಿಶೇಷ ಏನು?’ ಅಂತ ಕೇಳುತ್ತೇನೆ. ಬರುವ ಉತ್ತರ ಹೆಚ್ಚು ಕಡಿಮೆ ಹೀಗಿರುತ್ತದೆ: ‘ನಾವು ಗುಣಮಟ್ಟಕ್ಕೆ ಆದ್ಯತೆ ನೀಡುತ್ತೇವೆ. ಗ್ರಾಹಕರ ತೃಪ್ತಿಯೇ ನಮ್ಮ ಗುರಿ. ನವೀನ ವಿನ್ಯಾಸ, ಸ್ಪರ್ಧಾತ್ಮಕ ಬೆಲೆ.’ ಇದರಲ್ಲಿ ಕುರ್ಚಿ ಎಲ್ಲಿದೆ? ಈ ಮಾತನ್ನು ಟೈರ್ ಮಾರುವವರೂ ಹೇಳಬಹುದು, ಔಷಧಿ ಮಾರುವವರೂ ಹೇಳಬಹುದು. ಅದು ಅವರ ಮಾತೇ ಅಲ್ಲ, ಎಲ್ಲೋ ಕರಪತ್ರದಲ್ಲಿ ಓದಿದ್ದು.

ನಾನು ಪೆನ್ನು ಕೆಳಗಿಟ್ಟು ಕೇಳುತ್ತೇನೆ: ‘ಅದು ಬಿಡಿ. ಈಚೆಗೆ ಮಾಡಿದ ಒಂದು ಕುರ್ಚಿ ಬಗ್ಗೆ ಸುಮ್ನೆ ಹೇಳಿ.’ ಆಗ ಅವರ ದನಿಯೇ ಬೇರೆಯಾಗುತ್ತದೆ. ‘ನೋಡಿ, ದೊಡ್ಡವರ ಕುರ್ಚಿಯಲ್ಲಿ ಕೂತರೆ ಮಕ್ಕಳ ಕಾಲು ನೆಲಕ್ಕೆ ತಾಗಲ್ಲ. ಕಾಲು ನೇತಾಡ್ತಾ ಇದ್ರೆ ಎಷ್ಟು ಹೊತ್ತು ಕೂರ್ತಾರೆ? ಅದಕ್ಕೇ ಒದ್ದಾಡೋದು. ನಾವು ಕಾಲಿಡೋಕೆ ಒಂದು ಅಡ್ಡಪಟ್ಟಿ ಹಾಕ್ತೀವಿ. ಮಗು ಬೆಳೆದ ಹಾಗೆ ಅದನ್ನ ಕೆಳಗೆ ಇಳಿಸ್ತಾ ಹೋಗಬಹುದು.’ ಇದು ಸಂದರ್ಶನ. ಇದನ್ನು ಕೇಳಿದ ತಾಯಿಯೊಬ್ಬರು ಅವತ್ತು ರಾತ್ರಿ ತಮ್ಮ ಮಗುವಿನ ಕಾಲು ನೆಲಕ್ಕೆ ತಾಗುತ್ತಾ ಅಂತ ಬಗ್ಗಿ ನೋಡುತ್ತಾರೆ. ವರದಿಗಾರನಿಗೂ ಬರೆಯೋಕೆ ಏನೋ ಸಿಕ್ಕಿತು. ‘ಗುಣಮಟ್ಟ’ ಅನ್ನುವ ಶಬ್ದವನ್ನು ಒಮ್ಮೆಯೂ ಹೇಳಲಿಲ್ಲ, ಆದರೆ ಕುರ್ಚಿ ಯೋಚಿಸಿ ಮಾಡಿದ್ದು ಅಂತ ಎಲ್ಲರಿಗೂ ಗೊತ್ತಾಯಿತು.

ಇಷ್ಟು ಚೆನ್ನಾಗಿ ಹೇಳಬಲ್ಲವರು ಮೊದಲೇ ಯಾಕೆ ಹೇಳಲಿಲ್ಲ? ಅವರಿಗೆ ಅಡ್ಡಪಟ್ಟಿ ವಿಶೇಷ ಅಂತ ಅನಿಸಿಯೇ ಇರುವುದಿಲ್ಲ. ವರ್ಷಗಟ್ಟಲೆ ಅದನ್ನೇ ಮಾಡಿದ್ದಾರೆ, ಎಲ್ಲರಿಗೂ ಗೊತ್ತಿರುವುದೇ ಅಂದುಕೊಂಡಿದ್ದಾರೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವ ಸಂಶೋಧಕಿ ಒಂದು ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ಬಡಿಯಬೇಕು, ಇನ್ನೊಬ್ಬರು ಹಾಡು ಯಾವುದು ಅಂತ ಹೇಳಬೇಕು. ಬಡಿದವರು, ಅರ್ಧದಷ್ಟು ಸಲವಾದರೂ ಕೇಳುವವರಿಗೆ ಗೊತ್ತಾಗುತ್ತದೆ ಅಂದುಕೊಂಡಿದ್ದರು. ನಿಜಕ್ಕೂ 120 ಹಾಡುಗಳಲ್ಲಿ ಗೊತ್ತಾಗಿದ್ದು ಮೂರು. ಬಡಿಯುವವರ ತಲೆಯೊಳಗೆ ಇಡೀ ಹಾಡು ಓಡುತ್ತಿರುತ್ತದೆ. ಕೇಳುವವರಿಗೆ ಬರೀ ಟಕ್ ಟಕ್. ನಿಮ್ಮ ವ್ಯಾಪಾರದ ಬಗ್ಗೆ ನೀವು ಮಾತಾಡುವಾಗಲೂ ಆಗುವುದು ಇದೇ.

ಇದಕ್ಕಿರುವ ದಾರಿ ಹೊರಗಿನವರೊಬ್ಬರ ಮುಂದೆ ಬಾಯಿಬಿಟ್ಟು ಹೇಳಿ ನೋಡುವುದು. ನಿಮ್ಮ ಪಾಲುದಾರರ ಮುಂದೆ ಅಲ್ಲ, ಅವರ ತಲೆಯಲ್ಲೂ ಅದೇ ಹಾಡು ಓಡುತ್ತಿರುತ್ತದೆ. ನಿಮ್ಮ ಕಸುಬು ಗೊತ್ತಿಲ್ಲದ ಸ್ನೇಹಿತರೋ, ಹೈಸ್ಕೂಲಿಗೆ ಹೋಗುವ ಹುಡುಗಿಯೋ ಆದರೆ ಒಳ್ಳೆಯದು. ಹೇಳಿ ಮುಗಿಸಿ, ‘ಏನು ಅರ್ಥ ಆಯ್ತು’ ಅಂತ ಕೇಳಿ. ಅವರು ವಾಪಸ್ ಹೇಳಿದ್ದು ನೀವು ಹೇಳಿದ್ದರ ಹತ್ತಿರ ಬಂದರೆ ಸರಿ. ಇದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಮೊದಲ ಸಲ ಕೇಳೋದು ಯಾರಿಗೂ ಇಷ್ಟ ಆಗಲ್ಲ. ಆದರೂ ಕೇಳಿ. ಬಾಯಿಪಾಠ ಮಾತ್ರ ಬೇಡ. ಬಾಯಿಪಾಠ ಮಾಡಿದವರು ಮಧ್ಯೆ ಒಂದು ಪದ ತಪ್ಪಿದರೆ ಮುಂದಕ್ಕೆ ಹೋಗಲಾರದೆ ನಿಲ್ಲುತ್ತಾರೆ. ವಿಷಯ ನೆನಪಿರಲಿ, ವಾಕ್ಯ ಆಯಾ ಹೊತ್ತಿಗೆ ಬರಲಿ.

ಭಯದ ಬಗ್ಗೆ ಒಂದು ಮಾತು. ‘ನನ್ನ ಕೈ ನಡುಗೋದು ಎಲ್ಲರಿಗೂ ಕಾಣಿಸುತ್ತೆ’ ಅಂತ ತುಂಬಾ ಜನ ಹೇಳುತ್ತಾರೆ. ಅಷ್ಟೊಂದು ಕಾಣಿಸುವುದಿಲ್ಲ. ಕೆನೆತ್ ಸಾವಿಟ್‌ಸ್ಕಿ ಮತ್ತು ಥಾಮಸ್ ಗಿಲೊವಿಚ್ ಅನ್ನುವ ಮನಶ್ಶಾಸ್ತ್ರಜ್ಞರು 2003ರಲ್ಲಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ನಮ್ಮ ಒಳಗಿನ ಕಳವಳ ಹೊರಗಿನವರಿಗೆ ಎಷ್ಟು ಕಾಣಿಸುತ್ತದೆ ಅಂತ ನಾವು ಅಂದುಕೊಳ್ಳುತ್ತೇವೋ, ನಿಜವಾಗಿ ಅದಕ್ಕಿಂತ ಕಡಿಮೆ ಕಾಣಿಸುತ್ತದೆ. ಈ ಸಂಗತಿಯನ್ನು ಮೊದಲೇ ತಿಳಿಸಿದಾಗ ಭಾಷಣ ಮಾಡುವವರು ಇನ್ನೂ ಚೆನ್ನಾಗಿ ಮಾತಾಡಿದರು. ಅದಕ್ಕೇ ನಿಮಗೂ ಇದನ್ನು ಹೇಳುತ್ತಿದ್ದೇನೆ.

ಈಗ ಕಷ್ಟದ ಪ್ರಶ್ನೆಗಳು. ಮತ್ತೆ ಕುರ್ಚಿಯವರ ಹತ್ತಿರ ಹೋಗೋಣ. ‘ದೊಡ್ಡ ಮಳಿಗೆಯಲ್ಲಿ ಇದರ ಅರ್ಧ ಬೆಲೆಗೆ ಸಿಗುತ್ತೆ ಅಲ್ವಾ?’ ತರಬೇತಿ ಕೊಡುವ ಕೆಲವರು ಇಂಥ ಕಡೆ ಜಾರಿಕೊಳ್ಳುವುದನ್ನು ಕಲಿಸುತ್ತಾರೆ. ‘ಒಳ್ಳೆಯ ಪ್ರಶ್ನೆ, ಆದರೆ ಮುಖ್ಯವಾದ ವಿಷಯ ಏನಂದರೆ...’ ಅಂತ ತಮ್ಮ ಹಳೇ ಮಾತಿಗೆ ಹೋಗುವುದು. ನನಗೆ ಈ ವಿದ್ಯೆ ಇಷ್ಟವಿಲ್ಲ. ರಾಜಕಾರಣಿಗಳು ಅದನ್ನು ಬಳಸಿ ಬಳಸಿ ಜನರಿಗೆ ಅದರ ವಾಸನೆ ದೂರದಿಂದಲೇ ಬಡಿಯುತ್ತದೆ. 1997ರಲ್ಲಿ ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್, ಬ್ರಿಟನ್ನಿನ ಮಾಜಿ ಗೃಹ ಸಚಿವ ಮೈಕಲ್ ಹೊವರ್ಡ್ ಅವರಿಗೆ ಒಂದೇ ಪ್ರಶ್ನೆಯನ್ನು ಹೆಚ್ಚು ಕಡಿಮೆ ಅದೇ ಪದಗಳಲ್ಲಿ ಹತ್ತಕ್ಕೂ ಹೆಚ್ಚು ಸಲ ಕೇಳಿದರು. ಪ್ರತಿ ಸಲವೂ ಬೇರೇನೋ ಉತ್ತರ ಬಂತು. ಆ ಸಂದರ್ಶನದಲ್ಲಿ ಜನ ನೆನಪಿಟ್ಟುಕೊಂಡಿದ್ದು ಉತ್ತರ ಕೊಡದೆ ಹೋದದ್ದನ್ನು.

ಕುರ್ಚಿಯವರು ಏನನ್ನಬಹುದು? ‘ಹೌದು, ನಮ್ಮದಕ್ಕೆ ಜಾಸ್ತಿ ಆಗುತ್ತೆ. ಒಂದನೇ ತರಗತಿಯಲ್ಲಿ ತಗೊಂಡ ಕುರ್ಚಿ ಹೈಸ್ಕೂಲ್ ಮುಗಿಯೋ ತನಕ ಬರಬೇಕು ಅಂತ ಮಾಡ್ತೀವಿ.’ ಮೊದಲು ಹೌದು, ಆಮೇಲೆ ಕಾರಣ. ನಿಜವನ್ನು ಒಪ್ಪಿಕೊಂಡ ಮೇಲೆ ನೀವು ಹೇಳುವ ಮುಂದಿನ ಮಾತನ್ನು ಜನ ನಂಬುತ್ತಾರೆ.

ಸುಳ್ಳು ಆರೋಪ ಬಂದಾಗ ಮಾತ್ರ ಒಂದು ಎಚ್ಚರ. ಆರೋಪದ ಪದವನ್ನು ನಿಮ್ಮ ಬಾಯಲ್ಲಿ ಹೇಳಬೇಡಿ. 1973ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಪತ್ರಿಕಾ ಸಂಪಾದಕರ ಮುಂದೆ ‘ನಾನು ವಂಚಕನಲ್ಲ’ ಅಂದರು. ಐವತ್ತು ವರ್ಷ ಆದರೂ ಅವರ ಹೆಸರಿನ ಜೊತೆ ಆ ಶಬ್ದ ಓಡಾಡುತ್ತಿದೆ. ‘ನೀವು ಗಿರಾಕಿಗಳಿಗೆ ಮೋಸ ಮಾಡ್ತಿದ್ದೀರಾ?’ ಅಂದರೆ ‘ನಾವು ಮೋಸ ಮಾಡ್ತಿಲ್ಲ’ ಅನ್ನುವ ಉತ್ತರವೇ ಮಾರನೇ ದಿನದ ಶೀರ್ಷಿಕೆ. ‘ಪ್ರತಿ ಕುರ್ಚಿಯಲ್ಲಿ ಯಾವ ಮರ ಇದೆ ಅಂತ ಬಿಲ್ಲಿನಲ್ಲೇ ಬರೆದು ಕೊಡ್ತೀವಿ’ ಅಂದರೆ ಉತ್ತರವೂ ಆಯಿತು, ಆ ಪದವೂ ಬರಲಿಲ್ಲ.

ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ನೋಡಿ ಹೇಳ್ತೀನಿ ಅನ್ನಿ, ನೋಡಿ ಹೇಳಿ. ವರ್ಷದ ವಹಿವಾಟು ಎಷ್ಟು, ಲಾಭ ಎಷ್ಟು ಅಂತ ಕೇಳಿದರೆ ‘ಅದನ್ನ ನಾವು ಹೊರಗೆ ಹೇಳಲ್ಲ’ ಅನ್ನುವುದು ನಿಮ್ಮ ಹಕ್ಕು. ಪ್ರತಿಸ್ಪರ್ಧಿಗಳ ಬಗ್ಗೆ ಕೇಳಿದರೆ ನಿಮ್ಮ ಕೆಲಸದ ಬಗ್ಗೆ ಮಾತ್ರ ಮಾತಾಡಿ. ಉತ್ತರ ಮುಗಿದ ಮೇಲೂ ವರದಿಗಾರ ಸುಮ್ಮನೆ ನಿಮ್ಮನ್ನೇ ನೋಡುತ್ತಾ ಕೂರಬಹುದು. ಅದು ನಮ್ಮ ಹಳೇ ಪಟ್ಟು. ಆ ಮೌನ ತುಂಬಲು ಜನ ಹೇಳಬಾರದ್ದನ್ನೆಲ್ಲ ಹೇಳುತ್ತಾರೆ. ನೀವೂ ಸುಮ್ಮನೆ ಕೂತಿರಿ. ಸ್ವಲ್ಪ ಹೊತ್ತಿಗೆ ಮುಂದಿನ ಪ್ರಶ್ನೆ ಬರುತ್ತದೆ.

ತಮಾಷೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಜೆರಾಲ್ಡ್ ರ‍್ಯಾಟ್ನರ್ ಅನ್ನುವವರು ಬ್ರಿಟನ್ನಿನಲ್ಲಿ ತಂದೆಯ ಒಡವೆ ವ್ಯಾಪಾರವನ್ನು ದೊಡ್ಡ ಮಳಿಗೆಗಳ ಸರಣಿಯಾಗಿ ಬೆಳೆಸಿದವರು. 1991ರ ಏಪ್ರಿಲ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಉದ್ಯಮಿಗಳ ದೊಡ್ಡ ಸಭೆಯಲ್ಲಿ ಮಾತಾಡಿದರು. ನಮ್ಮ ಒಂದು ಮಾಲನ್ನು ಇಷ್ಟು ಅಗ್ಗಕ್ಕೆ ಹೇಗೆ ಮಾರುತ್ತೀರಿ ಅಂತ ಜನ ಕೇಳುತ್ತಾರೆ, ಅದು ಬರೀ ಕಸ, ಅದಕ್ಕೇ ಅನ್ನುವ ಅರ್ಥದ ತಮಾಷೆ ಮಾಡಿದರು. ಸಭೆ ನಕ್ಕಿತು. ಆ ತಮಾಷೆಯನ್ನು ಅವರು ಮುಂಚೆಯೂ ಹೇಳಿದ್ದರು, ಆಗ ಏನೂ ಆಗಿರಲಿಲ್ಲ. ಈ ಸಲ ಪತ್ರಿಕೆಗಳು ಅದನ್ನು ಮುಖಪುಟಕ್ಕೆ ತಂದವು. ಕಂಪನಿಯ ಷೇರು ಮೌಲ್ಯದಲ್ಲಿ ಸುಮಾರು 50 ಕೋಟಿ ಪೌಂಡ್ ಕರಗಿತು. ಮುಂದಿನ ವರ್ಷ ರ‍್ಯಾಟ್ನರ್ ಹೊರಗೆ ಹೋದರು, ಆಮೇಲೆ ಕಂಪನಿ ತನ್ನ ಹೆಸರನ್ನೇ ಬದಲಾಯಿಸಿಕೊಂಡಿತು. ಆ ಅಂಗಡಿಯಲ್ಲಿ ತಮ್ಮ ಸಂಪಾದನೆ ಕೊಟ್ಟು ಯಾರಿಗೋ ಪ್ರೀತಿಯಿಂದ ಉಡುಗೊರೆ ತಂದವರಿಗೆ ಆ ನಗು ಹೇಗೆ ಕೇಳಿಸಿರಬೇಕು, ಯೋಚಿಸಿ. ನಿಮ್ಮ ಗಿರಾಕಿಯನ್ನು, ನಿಮ್ಮ ಮಾಲನ್ನು ಹಗುರ ಮಾಡುವ ತಮಾಷೆ ಎಷ್ಟೇ ಸಲೀಸಾಗಿ ಬಾಯಿಗೆ ಬಂದರೂ ನುಂಗಿಕೊಳ್ಳಿ.

ಮೈಕ್ ಹಾಕಿದ ಮೇಲೆ ಅದು ಆನ್ ಇದೆ ಅಂತಲೇ ತಿಳಿಯಿರಿ. 1984ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ರೇಡಿಯೊ ಭಾಷಣಕ್ಕೆ ಮೊದಲು ಮೈಕ್ ಪರೀಕ್ಷೆ ಮಾಡುವಾಗ, ಸೋವಿಯತ್ ರಷ್ಯಾದ ಮೇಲೆ ಐದು ನಿಮಿಷದಲ್ಲಿ ಬಾಂಬ್ ದಾಳಿ ಶುರು ಅಂತ ತಮಾಷೆ ಮಾಡಿದರು. ಅದು ಜಗತ್ತಿಗೆಲ್ಲ ಗೊತ್ತಾಯಿತು. 2010ರ ಚುನಾವಣೆ ಹೊತ್ತಲ್ಲಿ ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ ಕಾರು ಹತ್ತಿದ ಮೇಲೆ, ಆಗಷ್ಟೇ ಮಾತಾಡಿಸಿ ಬಂದ ಹಿರಿಯ ಮಹಿಳೆಯೊಬ್ಬರ ಬಗ್ಗೆ ಕಟುವಾಗಿ ಮಾತಾಡಿದರು. ಟಿವಿಯವರ ಕಾಲರ್ ಮೈಕ್ ಇನ್ನೂ ಅಂಗಿಯಲ್ಲೇ ಇತ್ತು. ಸಂಜೆಯೊಳಗೆ ಆ ಮಹಿಳೆಯ ಮನೆಗೇ ಹೋಗಿ ಕ್ಷಮೆ ಕೇಳಬೇಕಾಯಿತು. ‘ಇದು ಆಫ್ ದಿ ರೆಕಾರ್ಡ್’, ಅಂದರೆ ಸುದ್ದಿಯಲ್ಲಿ ಹಾಕಬಾರದ ಮಾತು, ಅನ್ನುವುದೂ ಹಾಗೆಯೇ. ಮಾತು ಆಡುವ ಮೊದಲು ಇಬ್ಬರೂ ಒಪ್ಪಿದ್ದರೆ ಮಾತ್ರ ಅದು ಒಪ್ಪಂದ. ಹೇಳಿ ಮುಗಿಸಿ ‘ಇದನ್ನ ಹಾಕಬೇಡಿ’ ಅಂದರೆ ವರದಿಗಾರರು ಕೇಳಬೇಕಾಗಿಲ್ಲ. ಅಚ್ಚಾಗಬಾರದ್ದನ್ನು ಹೇಳದೆ ಇರುವುದೇ ಸುಲಭ.

ಕ್ಯಾಮೆರಾ ವಿಷಯ ಜಾಸ್ತಿ ಇಲ್ಲ. ಎದುರು ವರದಿಗಾರ ಇದ್ದರೆ ಅವರ ಮುಖ ನೋಡಿ ಮಾತಾಡಿ. ವಿಡಿಯೊ ಕರೆಯಾದರೆ ಲೆನ್ಸ್ ನೋಡಿ. ಒತ್ತೊತ್ತಾದ ಸಣ್ಣ ಗೆರೆಗಳ ಅಂಗಿ ಪರದೆ ಮೇಲೆ ಕುಣಿಯುತ್ತದೆ, ಬೇಡ. ತಿರುಗುವ ಕುರ್ಚಿ ಬೇಡ. 2017ರಲ್ಲಿ ದಕ್ಷಿಣ ಕೊರಿಯಾದಲ್ಲಿದ್ದ ಪ್ರೊಫೆಸರ್ ಒಬ್ಬರು ಬಿಬಿಸಿಗೆ ಮನೆಯಿಂದ ಲೈವ್ ಸಂದರ್ಶನ ಕೊಡುವಾಗ ಹಿಂದಿನ ಬಾಗಿಲು ತೆರೆದು ಅವರ ಇಬ್ಬರು ಮಕ್ಕಳು ಒಳಗೆ ಬಂದುಬಿಟ್ಟರು. ಜಗತ್ತೇ ನೋಡಿ ಸಂತೋಷಪಟ್ಟಿತು. ಅಂಥದ್ದು ಆದರೆ ಗಾಬರಿ ಬೇಡ, ಯಾರಿಗೂ ಕೋಪ ಬರುವುದಿಲ್ಲ.

ಕೊನೆಯದಾಗಿ, ನಿಜಕ್ಕೂ ಏನೋ ಅನಾಹುತ ಆದಾಗ. ಕುರ್ಚಿಯ ಕಾಲು ಮುರಿದು ಒಂದು ಮಗುವಿಗೆ ಪೆಟ್ಟಾಗಿದೆ ಅಂತಿಟ್ಟುಕೊಳ್ಳಿ. ವರದಿಗಾರ ಬಾಗಿಲಲ್ಲಿ ನಿಂತಿದ್ದಾರೆ. ನಿಮ್ಮ ಎದೆ ಹೊಡೆದುಕೊಳ್ಳುತ್ತಿದೆ. ಸಾಲ, ಕೆಲಸದವರು, ಹೆಸರು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬರುತ್ತದೆ. ಇಂಥ ಹೊತ್ತಲ್ಲಿ ಬಾಯಿಂದ ಮೊದಲು ಬರುವ ಮಾತು ನಿಮ್ಮ ಕಷ್ಟದ್ದಾಗಿರಬಾರದು. 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ತೈಲ ಬಾವಿ ಸ್ಫೋಟದಲ್ಲಿ 11 ಕಾರ್ಮಿಕರು ಸತ್ತರು. ಆ ಬಾವಿ ಕೊರೆಸುತ್ತಿದ್ದ ಬಿಪಿ ಕಂಪನಿಯ ಆಗಿನ ಮುಖ್ಯಸ್ಥ ಟೋನಿ ಹೇವರ್ಡ್ ವರದಿಗಾರರ ಮುಂದೆ, ಇದು ಮುಗಿಯಲಿ ಅಂತ ನನಗಿಂತ ಜಾಸ್ತಿ ಬಯಸುವವರು ಯಾರೂ ಇಲ್ಲ, ನನಗೆ ನನ್ನ ಬದುಕು ವಾಪಸ್ ಬೇಕು ಅಂದರು. ದಣಿದ ಮನುಷ್ಯನೊಬ್ಬನ ನಿಜವಾದ ಮಾತೇ ಇರಬಹುದು. ಆದರೆ 11 ಮನೆಗಳಿಗೆ ಬದುಕು ವಾಪಸ್ ಬರುವಂತಿರಲಿಲ್ಲ. ಅವರು ಆಮೇಲೆ ಕ್ಷಮೆ ಕೇಳಿದರು.

1982ರಲ್ಲಿ ಶಿಕಾಗೊ ಸುತ್ತಮುತ್ತ ಯಾರೋ ಟೈಲನಾಲ್ ಅನ್ನುವ ನೋವಿನ ಮಾತ್ರೆಗಳಿಗೆ ಸಯನೈಡ್ ಬೆರೆಸಿ ಏಳು ಜನ ಸತ್ತರು. ವಿಷ ಹಾಕಿದ್ದು ಆ ಮಾತ್ರೆ ತಯಾರಿಸುತ್ತಿದ್ದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯಲ್ಲ. ಆದರೂ ಅವರು ಮಾತ್ರೆ ತಿನ್ನಬೇಡಿ ಅಂತ ಜನರಿಗೆ ತಾವೇ ಹೇಳಿದರು, ದೇಶದ ತುಂಬ ಇದ್ದ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸ್ ತರಿಸಿಕೊಂಡರು, ಬಿಗಿಯಾಗಿ ಸೀಲ್ ಮಾಡಿದ ಹೊಸ ಬಾಟಲಿ ತಂದರು. ಅವರ ಮಾತಿಗೆ ಬೆಲೆ ಬಂದಿದ್ದು ಕೆಲಸ ಜೊತೆಗಿದ್ದದ್ದರಿಂದ.

ಕುರ್ಚಿಯವರು ಬಾಗಿಲಲ್ಲಿ ನಿಂತು ಹೇಳಬೇಕಾದ್ದು ಇಷ್ಟು: ‘ಮಗುವಿಗೆ ಪೆಟ್ಟಾಗಿದ್ದು ಕೇಳಿ ತುಂಬಾ ಸಂಕಟ ಆಗಿದೆ. ಅವರ ಮನೆಯವರ ಜೊತೆ ಮಾತಾಡಿದ್ದೀನಿ. ಕಾಲು ಯಾಕೆ ಮುರೀತು ಅಂತ ಇನ್ನೂ ಗೊತ್ತಾಗಿಲ್ಲ. ಅದೇ ಸಲ ಮಾಡಿದ ಕುರ್ಚಿಗಳನ್ನ ಬಳಸಬೇಡಿ ಅಂತ ತಗೊಂಡವರಿಗೆಲ್ಲ ಫೋನ್ ಮಾಡ್ತಿದ್ದೀವಿ. ನಾಳೆ ಸಂಜೆ ಗೊತ್ತಾದಷ್ಟು ಹೇಳ್ತೀನಿ.’ ಇದರಲ್ಲಿ ಪ್ರತಿಯೊಂದು ಮಾತೂ ನಿಜ ಆಗಿರಬೇಕು. ಮನೆಯವರ ಜೊತೆ ಮಾತಾಡಿಲ್ಲದಿದ್ದರೆ ಮೊದಲು ಮಾತಾಡಿ ಬನ್ನಿ. ವಕೀಲರೋ ವಿಮೆಯವರೋ ಏನೂ ಹೇಳಬೇಡಿ ಅನ್ನಬಹುದು. ಅವರ ಮಾತು ಕೇಳಿ, ಆದರೆ ತಪ್ಪು ಯಾರದು ಅಂತ ತೀರ್ಮಾನ ಹೇಳದೆಯೂ ಸಂಕಟ ಹೇಳಿಕೊಳ್ಳಬಹುದೇ ಅಂತ ಅವರನ್ನೇ ಕೇಳಿ. ‘ನೋ ಕಾಮೆಂಟ್ಸ್’ ಅಂತ ಬಾಗಿಲು ಹಾಕಿಕೊಂಡರೆ ತಪ್ಪು ನಿಮ್ಮದೇ ಅಂತ ಜನ ಓದಿಕೊಳ್ಳುತ್ತಾರೆ. ‘ತನಿಖೆ ನಡೀತಿದೆ, ಅದಕ್ಕೇ ಈಗ ಹೇಳೋಕೆ ಆಗಲ್ಲ’ ಅಂದರೆ ಕಾರಣವಾದರೂ ಗೊತ್ತಾಗುತ್ತದೆ.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಒಬ್ಬರು ಕೇಳಿದರು: ‘ಪ್ರಕಟವಾದ ಸುದ್ದಿಯಲ್ಲಿ ತಪ್ಪಿದ್ದರೆ ಏನು ಮಾಡಬೇಕು?’ ನನ್ನ ಉತ್ತರ: ತಪ್ಪು ಯಾವ ಥರದ್ದು ಅಂತ ನೋಡಿ. ಅಂಕಿ, ಹೆಸರು, ಆಡದ ಮಾತು ಇದ್ದರೆ ಅವತ್ತೇ ವರದಿಗಾರರಿಗೆ ಫೋನ್ ಮಾಡಿ, ಸರಿಯಾದದ್ದು ಇದು ಅಂತ ದಾಖಲೆ ಸಮೇತ ತಣ್ಣಗೆ ಹೇಳಿ. ಆನ್‌ಲೈನ್ ಸುದ್ದಿಯನ್ನು ಬೇಗ ತಿದ್ದಬಹುದು. ಅವರು ಕೇಳದಿದ್ದರೆ ಸಂಪಾದಕರಿಗೆ ಬರೆಯಿರಿ. ಬರೆದ ಧಾಟಿ ಇಷ್ಟ ಆಗಲಿಲ್ಲ, ಫೋಟೊ ಚೆನ್ನಾಗಿಲ್ಲ ಅಂತಾದರೆ ಬಿಟ್ಟುಬಿಡಿ.

ಇನ್ನೊಬ್ಬರು, ಅಣ್ಣನ ಜೊತೆ ಸೇರಿ ವರ್ಕ್‌ಶಾಪ್ ನಡೆಸುವವರು, ಕೇಳಿದರು: ‘ಲೆಕ್ಕಪತ್ರ, ವ್ಯವಹಾರ ಎಲ್ಲ ಅಣ್ಣಂದು. ಒಳಗೆ ಕೆಲಸ ಮಾಡೋದು ನಾನು. ನನಗೆ ಮಾತು ಬರಲ್ಲ. ಸಂದರ್ಶನಕ್ಕೆ ಯಾರು ಕೂರಬೇಕು ಸರ್?’ ಸುದ್ದಿ ಸಾಲ, ಬೆಲೆ, ತೆರಿಗೆ ಬಗ್ಗೆ ಆದರೆ ಅಣ್ಣ ಕೂರಲಿ ಅಂದೆ. ನೀವು ಮಾಡುವ ವಸ್ತುವಿನ ಬಗ್ಗೆ ಆದರೆ ನೀವೇ ಕೂರಬೇಕು. ಸ್ಟುಡಿಯೊಗೆ ಹೋಗಬೇಡಿ, ವರ್ಕ್‌ಶಾಪಿಗೇ ಬರೋಕೆ ಹೇಳಿ. ಅರ್ಧ ಆದ ಕೆಲಸ ಒಂದನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ಅವರು ಪ್ರಶ್ನೆ ಕೇಳಿದಾಗ ಅದನ್ನು ಕೈಗೆ ತಗೊಂಡು, ಇಲ್ಲಿ ಏನು ಮಾಡಿದ್ದೀನಿ ಅಂತ ತೋರಿಸುತ್ತಾ ಹೇಳಿ.